ಕೊಸರಿನ ಮೆಗಾಹರ್ಟ್ಸ್

ಅಗ್ಗದ ಪ್ರೊಸೆಸರ್ ತಂದು ಮನೆಯಲ್ಲೇ ಓವರ್‌ಕ್ಲಾಕ್ ಮಾಡುವವರೆಲ್ಲ, ಅಂದರೆ ಕಂಪನಿ ಗೊತ್ತುಮಾಡಿದ್ದಕ್ಕಿಂತ ಜೋರಾಗಿ ಓಡಿಸುವವರೆಲ್ಲ, ವೇಗದ ಹುಚ್ಚರು ಎಂದು ಜನ ತಿಳಿದಿದ್ದಾರೆ. ಆ ಹುಚ್ಚರ ಪೈಕಿಯವನಾಗಿ, ಕೊಂಚ ನಾಚಿಕೊಂಡೇ, ಇದನ್ನು ಅಲ್ಲಗಳೆಯುತ್ತೇನೆ. ವೇಗ ಬೇಕಾದವನು ದುಡ್ಡು ಕೊಟ್ಟು ವೇಗದ ಪ್ರೊಸೆಸರನ್ನೇ ತರುತ್ತಾನೆ. ನಮಗೆ ಬೇಕಿರುವುದು ಕೊಸರು. ಅರ್ಧ ಕೆಜಿ ಬೀನ್ಸ್ ತೂಗಿಸಿಕೊಂಡ ಮೇಲೂ ಚೀಲದ ಬಾಯಿ ಅಗಲಿಸಿ ಹಿಡಿದು, ತರಕಾರಿಯವನು ಇನ್ನೆರಡು ಕಾಯಿ ಹಾಕುವ ತನಕ ಕದಲದೆ ನಿಲ್ಲುವವರಿದ್ದಾರಲ್ಲ, ಅವರಿಗೆ ಬೀನ್ಸಿನ ಬರವೇನಿಲ್ಲ. ಆ ಎರಡು ಕಾಯಿಂದ ಹುಳಿಯ ರುಚಿ ಹೆಚ್ಚುವುದೂ ಇಲ್ಲ. ಆದರೆ ಮನೆಗೆ ಬರುವಷ್ಟೂ ದಾರಿ ಮನಸ್ಸನ್ನು ಬೆಚ್ಚಗಿಡುವುದು ಆ ಎರಡೇ ಕಾಯಿ.

ನನ್ನ ಮುಖ್ಯ ಸಾಕ್ಷಿ 1998ರ ಆಗಸ್ಟ್‌ನಲ್ಲಿ ಇಂಟೆಲ್ ಬಿಟ್ಟ ಸೆಲೆರಾನ್ 300ಎ. ವೇಗ 300 ಮೆಗಾಹರ್ಟ್ಸ್, ಸಗಟು ಬೆಲೆ 149 ಡಾಲರ್. ಜೊತೆಗೇ ಬಂದ ದೊಡ್ಡಣ್ಣ ಪೆಂಟಿಯಂ 2ರ ವೇಗ 450, ಬೆಲೆ 669. ಸೆಲೆರಾನಿನ ಗುಣಕಕ್ಕೆ 4.5ರಲ್ಲಿ ಬೀಗ ಜಡಿದಿತ್ತು. ಬಸ್ಸು ಎಂದರೆ ಪ್ರೊಸೆಸರಿಗೂ ಮದರ್‌ಬೋರ್ಡಿಗೂ ನಡುವಿನ ದಾರಿ; ಅದರ 66 ಚಿಲ್ಲರೆ ಮೆಗಾಹರ್ಟ್ಸನ್ನು ಗುಣಕದಿಂದ ಗುಣಿಸಿದರೆ 300. ಆದರೆ ಬಸ್ಸಿಗೆ ಬೀಗವಿರಲಿಲ್ಲ. ಅದನ್ನು 100ಕ್ಕೆ ಏರಿಸಿದರೆ, ಮಗ್ಗಿ ಬಲ್ಲ ಯಾರಾದರೂ ಹೇಳಿಯಾರು, 450. ಇನ್ನು ಏರಿಸುವ ಬಗೆ. ಈ ಪ್ರೊಸೆಸರ್ ಒಂದು ಪುಟ್ಟ ಹಲಗೆಯ ಮೇಲೆ ಕೂತಿರುತ್ತದೆ. ಹಲಗೆಯ ಅಂಚಿನಲ್ಲಿ ಚಿನ್ನದ ಬಣ್ಣದ 242 ಸಣ್ಣ ಪಟ್ಟಿಗಳು. ಅದರಲ್ಲಿ ಬಿ21 ಎಂಬ ಪಟ್ಟಿಯ ಮೂಲಕ ಮದರ್‌ಬೋರ್ಡು ಕೇಳುತ್ತದೆ: ನೀನು ಅರವತ್ತಾರರವನೋ, ನೂರರವನೋ? ಸೆಲೆರಾನ್ ಬಡವನ ಮನೆಯ ಮಗ, ಸುಳ್ಳು ಹೇಳದು, ಅರವತ್ತಾರು ಎನ್ನುತ್ತದೆ. ಆದ್ದರಿಂದ ಅದರ ಬಾಯಿ ಮುಚ್ಚಬೇಕು. ಇದಕ್ಕೆ ಲೋಕ ಕಂಡುಕೊಂಡ ಉಪಕರಣ ಉಗುರು ಬಣ್ಣ. ಯೋಚಿಸಿ: ಲಕ್ಷಾಂತರ ಟ್ರಾನ್ಸಿಸ್ಟರುಗಳ ಒಂದು ಯಂತ್ರ, ಅದರ ಮುಂದೆ ಕನ್ನಡಕ ಮೂಗಿಗಿಳಿಸಿ, ಉಸಿರು ಬಿಗಿಹಿಡಿದು, ಮದುಮಗಳ ಕಿರುಬೆರಳಿಗೆ ಹಚ್ಚುವ ನಾಜೂಕಿನಲ್ಲಿ ಒಂದೇ ಒಂದು ಪಟ್ಟಿಗೆ ಬಣ್ಣ ಬಳಿಯುತ್ತಿರುವ ಗಂಡಸು. ಪಕ್ಕದ ಬಿ20ಕ್ಕೆ ತಗಲಬಾರದು, ಬಿ22ಕ್ಕೂ ತಗಲಬಾರದು. ಒಣಗುವ ತನಕ ಊದಬಹುದು, ಆದರೆ ಎಂಜಲು ಹಾರಬಾರದು. ಕೆಂಪು ಹಚ್ಚಿದರೆ ಎಲ್ಲಿ ಹಚ್ಚಿದ್ದೆಂದು ಕಾಣುತ್ತದೆ. ಬಣ್ಣವಿಲ್ಲದ್ದು ಹಚ್ಚಿದರೆ ಮಾನ ಉಳಿಯುತ್ತದೆ. ಟೇಪಿನ ಚೂರು ಅಂಟಿಸಿದರೂ ಕೆಲಸವಾಗುತ್ತದೆ, ನಿಜ; ಆದರೆ ಹಲಗೆ ಒಳಗೆ ಜಾರುವಾಗ ಟೇಪೂ ಜಾರೀತು. ಅಂತೂ ಬಣ್ಣ ಒಣಗಿ, ಹಲಗೆ ಕೂತು, ಮದರ್‌ಬೋರ್ಡು ಮತ್ತೆ ಕೇಳುತ್ತದೆ. ಉತ್ತರವಿಲ್ಲ. ಮೌನಂ ಸಮ್ಮತಿ ಲಕ್ಷಣಂ: ಹಾಗಾದರೆ ನೂರೇ ಇರಬೇಕು ಎಂದುಕೊಂಡು ಅದು ನೂರನ್ನೇ ಬಡಿಸುತ್ತದೆ.

ಇಲ್ಲದ್ದನ್ನು ಹಿಂಡುವುದು ಕೊಸರಲ್ಲ, ಹಿಂಸೆ ಎನ್ನುವವರಿದ್ದಾರೆ. ಅವರು ಕಾರ್ಖಾನೆಯತ್ತ ನೋಡಲಿ. 450ರ ಪೆಂಟಿಯಂ ತಯಾರಾದ 0.25 ಮೈಕ್ರಾನ್ ವಿಧಾನದಲ್ಲೇ 300ಎಯೂ ತಯಾರಾಯಿತು. ಚಿಪ್‌ಗಳನ್ನು ಪರೀಕ್ಷಿಸಿ ವೇಗದ ಚೀಟಿ ಅಂಟಿಸುವುದು ನಿಜವಾದರೂ, ಪೇಟೆ ಅಗ್ಗದ ಮಾಲು ಕೇಳಿದಾಗ ಓಡಬಲ್ಲದ್ದಕ್ಕೂ ಅಗ್ಗದ ಚೀಟಿಯೇ ಬೀಳುತ್ತದೆ. ಕೊಸರು ಆಗಲೇ ಚೀಲದಲ್ಲಿತ್ತು; ತೂಕದವನು ಹೇಳಲಿಲ್ಲ, ಅಷ್ಟೆ. ಆಯಸ್ಸು ತಗ್ಗುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ಬಲವಿದೆ. ವೇಗಕ್ಕಾಗಿ ವೋಲ್ಟೇಜನ್ನು ಶೇಕಡಾ 10 ಏರಿಸಿದರೆ ವಿದ್ಯುತ್ತಿನ ಖರ್ಚು ಅದರ ವರ್ಗದ ಲೆಕ್ಕದಲ್ಲಿ ಶೇಕಡಾ 21 ಏರುತ್ತದೆ, ಆ ಇಡೀ ಖರ್ಚು ಬಿಸಿಯಾಗಿಯೇ ಹೊರಬರುತ್ತದೆ. ಆದರೆ 300ಎಗಳಲ್ಲಿ ಬಹಳಷ್ಟು ತಮ್ಮ 2 ವೋಲ್ಟಿನಲ್ಲೇ, ಇಲ್ಲವೇ ಅದಕ್ಕೊಂದು ಚಿಟಿಕೆ ಸೇರಿಸಿದರೆ, 450 ಮುಟ್ಟುತ್ತಿದ್ದವು. ಸೋಲೊಪ್ಪಬೇಕಾದ್ದು ಉಳಿತಾಯದ ವಾದದಲ್ಲಿ. ಪೆಂಟಿಯಂ ಹೆಸರಿಗೆ ಇಪ್ಪತ್ತು ವರ್ಷ ತುಂಬಿದ ಲೆಕ್ಕದಲ್ಲಿ 2014ರಲ್ಲಿ ಬಂದ ಜಿ3258, 72 ಡಾಲರಿನದು, ಎರಡೇ ಕೋರಿನದು, 3.2 ಗಿಗಾಹರ್ಟ್ಸ್‌ನಿಂದ 4ರ ಆಚೆಗೂ ಏರುತ್ತಿತ್ತು. ಅದನ್ನು ಏರಿಸಲು ಒಳ್ಳೆಯ ಮದರ್‌ಬೋರ್ಡು, ದಪ್ಪ ಹೀಟ್‌ಸಿಂಕು, ಗಟ್ಟಿ ಪವರ್ ಸಪ್ಲೈ ಎಂದು ಕೂಡುತ್ತ ಹೋದರೆ ನಾಲ್ಕು ಕೋರಿನ ಪ್ರೊಸೆಸರೇ ಬರುವಷ್ಟು ದುಡ್ಡು. ಆ ವರ್ಷದ ಕೆಲವು ಹೊಸ ಆಟಗಳಂತೂ ಎರಡು ಕೋರ್ ಕಂಡರೆ ತೆರೆದುಕೊಳ್ಳುತ್ತಲೇ ಇರಲಿಲ್ಲ. ನಾಲ್ವರು ಹೊರುವ ಪಲ್ಲಕ್ಕಿಗೆ ಎಷ್ಟೇ ಚುರುಕಿನ ಇಬ್ಬರು ಬಂದರೂ ಅಷ್ಟೇ. ಇಲ್ಲಿಯೇ ನನ್ನ ವಾದ ಗೆಲ್ಲುತ್ತದೆ ಕೂಡ: ಹತ್ತು ರೂಪಾಯಿಯ ಕೊಸರಿಗೆ ನೂರು ರೂಪಾಯಿಯ ಚೀಲ ಕೊಳ್ಳುವವನನ್ನು ಲೆಕ್ಕಾಚಾರ ನಡೆಸುತ್ತಿಲ್ಲ.

ನನಗೆ ಸಿಟ್ಟು ಬರುವುದು ನಮ್ಮವರ ಮೇಲೆಯೇ, ಡೆಸ್ಕ್‌ಟಾಪ್ ಮೂಡಿದ್ದೇ ತಡ 'ಸ್ಟೇಬಲ್' ಎಂದು ಸಾರಿಬಿಡುವವರ ಮೇಲೆ. ಕೈಕೊಡುವ ಪ್ರೊಸೆಸರ್ ಪ್ರತಿಸಲ ನೀಲಿ ಪರದೆ ತೋರಿಸಿ ಬೀಳುವುದಿಲ್ಲ. ಕೆಲವೊಮ್ಮೆ ಸದ್ದಿಲ್ಲದೆ ಒಂದು ಲೆಕ್ಕ ತಪ್ಪಿಸಿ, ಆ ತಪ್ಪನ್ನು ಯಾವುದೋ ಫೈಲಿನೊಳಗೆ ಬರೆದು ಮುಂದೆ ಹೋಗುತ್ತದೆ. ಮಗುವಿನ ಫೋಟೋ ಹಾಳಾಗಿರುವುದು ಮೂರು ವರ್ಷದ ಮೇಲೆ ತಿಳಿಯುತ್ತದೆ. ಇದಕ್ಕೆಂದೇ ಪ್ರೈಮ್95 ಇದೆ. ದೈತ್ಯ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಹುಟ್ಟಿದ ಈ ತಂತ್ರಾಂಶ, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿಗೆ ಕೊಟ್ಟು ಉತ್ತರ ತಾಳೆ ನೋಡುತ್ತದೆ. ರಾತ್ರಿಯಿಡೀ ಫ್ಯಾನು ಗಿರಣಿಯಂತೆ ಗರಗುಟ್ಟುತ್ತ, ಯಾರಿಗೂ ಬೇಡದ ಲೆಕ್ಕವನ್ನು ಯಾರಿಗೂ ಬೇಡದ ವೇಗದಲ್ಲಿ ಮಾಡುವುದು ನೋಡುವವರಿಗೆ ನಗೆಯೇ ಸರಿ, ಆದರೂ ಅದನ್ನು ಮಾಡಿಸಲೇಬೇಕು. ಇನ್ನೊಂದು ಜಾತಿ ನಗುವಂಥದ್ದೂ ಅಲ್ಲ: ತೊಂಬತ್ತರ ದಶಕದಲ್ಲಿ ಅಗ್ಗದ ಚಿಪ್ಪಿನ ಮೇಲಿನ ಅಂಕಿ ಉಜ್ಜಿ, ದೊಡ್ಡ ಅಂಕಿ ಅಚ್ಚು ಹಾಕಿ ಮಾರಿದವರು. ನಾವು ಮೋಸ ಮಾಡುವುದು ಮದರ್‌ಬೋರ್ಡಿಗೆ, ಅವರು ಮಾಡಿದ್ದು ಗಿರಾಕಿಗೆ.

ಕಡೆಗೆ ಅಂಗಡಿಯವನೂ ಗಿರಾಕಿಯ ಗುಟ್ಟು ಅರಿತ. ಈಗಿನ ಪ್ರೊಸೆಸರುಗಳು ತಂಪು ನೋಡಿಕೊಂಡು ತಾವೇ ವೇಗ ಏರಿಸಿಕೊಳ್ಳುತ್ತವೆ. ನಮಗೆ ಉಳಿಯುವುದು ತಳದಲ್ಲಿ ಸಿಕ್ಕ ನಾಲ್ಕು ಕಾಳು. ಇಂಟೆಲ್‌ನಲ್ಲಿ ಗುಣಕದ ಬೀಗ ತೆಗೆದ ಮಾದರಿ ಬೇಕೆಂದರೆ ಸಾಮಾನ್ಯವಾಗಿ ಹೆಸರಿನ ಕೊನೆಗೆ 'ಕೆ' ಇರುವುದನ್ನು ಕೊಳ್ಳಬೇಕು. 2011ರ ಜನವರಿಯಲ್ಲಿ ಐ5-2500ರ ಬೆಲೆ 205 ಡಾಲರ್, ಐ5-2500ಕೆಯದು 216.