591307 ಸಾಹೇಬರ ಜೊತೆ ಎರಡು ಮಾತು

ಗೋಕಾಕದ ಅಂಚೆ ಕಚೇರಿಯಲ್ಲಿ, ಕರದಂಟಿನ ಪಾರ್ಸೆಲ್ ಮೇಲೆ, ಕಳಿಸುವವರ ವಿಳಾಸದ ಕೊನೆಯ ಸಾಲಿನಲ್ಲಿ ಕೂತಿದ್ದರು. ಪಾರ್ಸೆಲ್ ಚೀಲಕ್ಕೆ ಬೀಳುವಷ್ಟರಲ್ಲಿ ಮಾತಾಡಿಸಿದೆ.

ನಾನು: ನಮಸ್ಕಾರ ಪಿನ್‌ಕೋಡ್ ಸಾಹೇಬ್ರ.

591307: ಪಿನ್‌ಕೋಡ್ ಅನ್ನೂದು ನನ್ನ ನೌಕರಿ ರೀ. ಹುಟ್ಟಾ ನಾ ಸಂಖ್ಯಾ. 1972ರ ಆಗಸ್ಟ್ 15ಕ್ಕ ಈ ಪದ್ಧತಿ ತಂದವರು ಶ್ರೀರಾಮ ಭಿಕಾಜಿ ವೇಲಣಕರ, ಸಂಸ್ಕೃತದ ಕವಿ. ಕವಿ ಕಟ್ಟಿದ ಸಾಲಿನಾಗ ಅದೀನಿ, ಛಂದಸ್ಸು ಇಲ್ಲ ಅಷ್ಟ.

ನಾನು: ನೋಡಿದರೆ ಅವಿಭಾಜ್ಯ ಸಂಖ್ಯೆಯಂತೆ ಕಾಣುತ್ತೀರಿ.

591307: ಎಲ್ಲಾರೂ ಅಲ್ಲೇ ಮೋಸ ಹೋಗ್ತಾರ. ಕೊನೀಗೆ 7 ಐತಲ್ಲ, ಅದರ ಠೀವಿ! 2, 3, 5, 7, 11, 13, 17, 19, ಯಾವುದಕ್ಕೂ ಬಗ್ಗಲಿಲ್ಲ. 23 ಬಂತು, ಮುರದು ಬಿದ್ನಿ. 23 × 47 × 547. ಮೂರೂ ಅವಿಭಾಜ್ಯ, ಪಾಲು ಮಾಡ್ಕೊಂಡು ಬ್ಯಾರೆ ಕುಂತ ಅಣ್ಣತಮ್ಮರಿದ್ದಂಗ. ಅದರಾಗ 23 × 47 ಅಂದ್ರ 1081. ಒಂದರಿಂದ 46ರ ತನಕ ಕೂಡಿಸ್ರಿ, ಅದ ಬರ್ತೈತಿ. ಇಷ್ಟು ಚಂದ ಇಟ್ಕೊಂಡು ನಾ ಮಾಡೂದೇನು? ಚೀಟಿ ಮ್ಯಾಲ ಕುಂದ್ರೂದು, ಮ್ಯಾಲಿಂದ ಶಿಕ್ಕಾ ಹೊಡಿಸ್ಕೊಳ್ಳೂದು.

ನಾನು: ನೆರೆಹೊರೆ ಹೇಗೆ?

591307: ನನ್ನ ಬಾಜೂಕ 591308, ಗೋಕಾಕ ಫಾಲ್ಸ್. ಹೊಳಿ 170 ಅಡಿ ಕೆಳಗ ಜಿಗಿತೈತಿ, ನಂಬರ್ ಮಾತ್ರ ಒಂದು ಮೆಟ್ಟಲ ಮ್ಯಾಲ ಹತ್ತೈತಿ. ಆಮ್ಯಾಲ ಹುಕ್ಕೇರಿ, 591309. ಅಂಕಿ ಕೂಡಿಸಿದ್ರ 27, ಒಂಬತ್ತರಿಂದ ಸಲೀಸಾಗಿ ಹೋಗ್ತೈತಿ. ಮೂಡಲಗಿ 591312ರದು ಕೇಳಬ್ಯಾಡ್ರಿ. 2, 3, 16, 48, 97, 127, ಯಾರು ಬಂದ್ರೂ ಬಾಗಲಾ ತೆರದ. ಒಟ್ಟು 40 ಭಾಜಕ! ನನಗ ಎಂಟ.

ನಾನು: ಹೊಟ್ಟೆಕಿಚ್ಚೇ?

591307: ಅಲ್ಲ, ಸಂಕಟ. ಭಾಗಾಕಾರಕ್ಕ ಅಷ್ಟು ಒಗ್ಗೂದು ಮೂಡಲಗಿ. ಆದ್ರ ಅದನ್ನ ತಾಲೂಕು ಮಾಡುಮುಂದ ಸರಕಾರದವರು ಒಡದಿದ್ದು ಗೋಕಾಕನ್ನ. ಭಾಗಲಬ್ಧ ಮೂಡಲಗಿಗೆ ಹೋತು, ಶೇಷ ಏನುಳೀತು ನನಗಿನ್ನೂ ತಿಳಿದಿಲ್ಲ.

ನಾನು: ಬೆಳಗಾವಿಯನ್ನೇ ಭಾಗ ಮಾಡಿ ಗೋಕಾಕ ಜಿಲ್ಲೆ ಮಾಡಿ ಎನ್ನುವ ಕೂಗು?

591307: ಹಳೇ ಲೆಕ್ಕ ರೀ ಅದು. ಚುನಾವಣಿ ಬಂತಂದ್ರ ಪಾಟಿ ಮ್ಯಾಲ ಬರೀತಾರ. ಉತ್ತರ ಬರೂದ್ರೊಳಗ ಉಗುಳು ಹಚ್ಚಿ ಒರಸ್ತಾರ.

ನಾನು: ದೇವಳಾಲಿಯ ಶಾಲಾ ಮಾಸ್ತರ ಕಾಪ್ರೇಕರ್, ತನ್ನ ಅಂಕಿಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗೆ ‘ಹರ್ಷದ’ ಎಂದು ಹೆಸರಿಟ್ಟರು. ಸಂತೋಷ ಕೊಡುವ ಸಂಖ್ಯೆ. ನೀವು ಆ ಪೈಕಿಯೇ?

591307: (ದನಿ ತಗ್ಗಿಸಿ) ನನ್ನ ಮೊತ್ತ 25, ಹುಕ್ಕೇರೀದು 27, ಮೂಡಲಗೀದು 21. ಮೂರೂ ತಾಳೆ ಆಗಂಗಿಲ್ಲ. ಗಣಿತದ ಪ್ರಕಾರ ಈ ಸೀಮ್ಯಾಗ ಒಬ್ಬರಿಗೂ ಹರ್ಷ ಇಲ್ಲ ನೋಡ್ರಿ. ಬಾಯಾಗ ಕರದಂಟು ಇರೂದಕ್ಕ ಮಂದಿಗೆ ಗೊತ್ತಾಗಿಲ್ಲ.