ಹೋಗುವಾಗಿನ ಮೈಲೇಜು

ಬೆಂಗಳೂರಿನಿಂದ ಮಂಗಳೂರಿಗೆ ಹೋದವರ ಕಾರುಗಳೆಲ್ಲ ಲೀಟರಿಗೆ ಇಪ್ಪತ್ತನಾಲ್ಕು ಕೊಡುತ್ತವೆ. ವಾಪಸ್ ಬರುವಾಗ ಎಷ್ಟು ಕೊಟ್ಟವು ಎಂದು ಹೇಳಿದ ಪುಣ್ಯಾತ್ಮರನ್ನು ನಾನಿನ್ನೂ ಕಂಡಿಲ್ಲ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಮಂಗಳೂರು ಇರುವುದು ಸಮುದ್ರದ ಪಕ್ಕದಲ್ಲಿ. ಶಿರಾಡಿ ಘಾಟಿಯಲ್ಲಿ ಕಾರನ್ನು ಕೆಳಗೆಳೆದಿದ್ದು ಭೂಮಿತಾಯಿ. ಹೆಸರು ಬಂದಿದ್ದು ಕಾರಿಗೆ, ಅದಕ್ಕಿಂತ ಹೆಚ್ಚಾಗಿ ಕಾರಿನ ಯಜಮಾನರಿಗೆ.

ನಮ್ಮ ಅಕ್ಕನ ಗಂಡ, ಅಂದರೆ ಭಾವ, ಇಂಥ ಬಡಾಯಿಯನ್ನು ಒಪ್ಪುವವರಲ್ಲ. ಅವರ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಉದ್ದ ನೋಟ್‌ಬುಕ್ ಇದೆ. ಯಾವ ತಾರೀಖು, ಎಷ್ಟು ಕಿಲೋಮೀಟರು, ಎಷ್ಟು ಲೀಟರು, ಎಲ್ಲವೂ ಅದರಲ್ಲಿ ಜಮಾ. ಮೈಲೇಜು ನೋಡಲು ಇರುವುದು ಒಂದೇ ದಾರಿ ಎಂಬುದು ಅವರ ಸಿದ್ಧಾಂತ: ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ. ಅದೂ ಮೊದಲ ಸಲ ಆಟೋ ಕಟ್ ಆದೊಡನೆ ನಿಲ್ಲಿಸಬೇಕು. ಹೊರಟ ಬಂಕಿಗೇ ವಾಪಸ್ ಬರಬೇಕು, ಅದೇ ಪಂಪಿನ ಮುಂದೆ ಅದೇ ಜಾಗದಲ್ಲಿ ನಿಲ್ಲಬೇಕು. ನೆಲ ಒಂದಿಷ್ಟು ವಾಲಿದ್ದರೂ ಟ್ಯಾಂಕಿಗೆ ಹಿಡಿಸುವ ಪೆಟ್ರೋಲ್ ಬೇರೆ ಆಗುತ್ತದಂತೆ.

ಹುಬ್ಬಳ್ಳಿಯಲ್ಲಿ ಒಂದು ಮದುವೆ. ಜ್ಯೇಷ್ಠದ ಕೊನೆಯ ಮುಹೂರ್ತ. ಅಕ್ಕ, ಭಾವ, ನನ್ನ ಹೆಂಡತಿ, ನಾನು ಭಾವನ ಕಾರಿನಲ್ಲೇ ಹೊರಟೆವು. ಸ್ಟಿಯರಿಂಗ್ ನನ್ನ ಕೈಯಲ್ಲಿ, ಅಧಿಕಾರ ಪಕ್ಕದ ಸೀಟಿನಲ್ಲಿ. ನೆಲಮಂಗಲ ದಾಟಿ ಬಂಕಿಗೆ ನುಗ್ಗಿಸಿದೆ.

“ಝೀರೋ ನೋಡ್ಕೊಳ್ಳಿ ಸಾರ್” ಎಂದು ಬಂಕ್ ಹುಡುಗ ಗನ್ ಇಟ್ಟ. ಸ್ವಲ್ಪ ಹೊತ್ತಿಗೆ ‘ಟಕ್’ ಅಂತು. ಮೀಟರಿನಲ್ಲಿ 2,186 ರೂಪಾಯಿ.

“ರೌಂಡ್ ಫಿಗರ್ ಮಾಡ್ಲಾ ಸಾರ್? ಎರಡು ಸಾವಿರದ ಇನ್ನೂರು?”

“ಮುಟ್ಟಬೇಡ!”

ಭಾವ ಕೂಗಿದ ರಭಸಕ್ಕೆ ಪಕ್ಕದ ಸಾಲಿನ ಸ್ಕೂಟರಿನವನೂ ಕೈ ಹಿಂದಕ್ಕೆಳೆದುಕೊಂಡ. “ಹದಿನಾಲ್ಕು ರೂಪಾಯಿ ಅಂದ್ರೆ ನೂರು ಮಿಲಿಗೂ ಹೆಚ್ಚು ಕಣಯ್ಯ. ಎರಡು ಕಿಲೋಮೀಟರ್ ಲೆಕ್ಕ ಕೆಡುತ್ತೆ” ಎಂದು ನನಗೆ ಪಾಠ ಮಾಡುತ್ತ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ನೋಟ್‌ಬುಕ್ ತೆರೆದರು.

“ರೀ, ಮುಹೂರ್ತ ಇರೋದು ಹುಬ್ಬಳ್ಳೀಲಿ, ಬಂಕಲ್ಲಿ ಅಲ್ಲ” ಎಂದು ಹಿಂದಿನಿಂದ ಅಕ್ಕನ ದನಿ ಬಂತು.

ಹೈವೇ ಸಿಕ್ಕಿದ ಮೇಲೆ ಗಂಡ ಹೆಂಡಿರ ನಡುವೆ ವೇಗದ ಚರ್ಚೆ. ಅಕ್ಕನಿಗೆ ಬೇಗ ತಲುಪಬೇಕು, ಭಾವನಿಗೆ ಎಂಬತ್ತು ದಾಟಬಾರದು. 2019ರ ಜುಲೈ ನಂತರ ಬಂದ ಕಾರುಗಳು ಎಂಬತ್ತು ದಾಟಿದರೆ ಕುಂಯ್‌ಗುಟ್ಟುತ್ತವೆ, ನೂರ ಇಪ್ಪತ್ತು ದಾಟಿದರೆ ಬಾಯಿ ಮುಚ್ಚುವುದೇ ಇಲ್ಲ. ಸರ್ಕಾರ ಅದನ್ನು ಮಾಡಿದ್ದು ನಮ್ಮ ಜೀವ ಉಳಿಸಲು. ಭಾವ ಮಾತ್ರ ಅದು ತಮ್ಮ ಪೆಟ್ರೋಲ್ ಉಳಿಸಲೆಂದೇ ಆದ ಕಾನೂನು ಎಂದು ತಿಳಿದಿದ್ದಾರೆ. ಕಾರು ಕುಂಯ್ ಎಂದಾಗಲೆಲ್ಲ “ಕೇಳಿಸ್ತಾ?” ಎನ್ನುತ್ತಿದ್ದರು.

ಲೆಕ್ಕದಲ್ಲಿ ಅವರನ್ನು ಸೋಲಿಸುವಂತಿಲ್ಲ. ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎಂಬತ್ತರಿಂದ ನೂರಕ್ಕೆ ಹೋದರೆ ವೇಗ ಹೆಚ್ಚಿದ್ದು ಕಾಲು ಭಾಗ, ಗಾಳಿಯ ತಡೆ ಹೆಚ್ಚಿದ್ದು ಅರ್ಧಕ್ಕೂ ಮಿಕ್ಕಿ. ನೂರ ಇಪ್ಪತ್ತಕ್ಕೆ ಹೋದರೆ ಎರಡೂಕಾಲು ಪಟ್ಟು. ಅಷ್ಟು ದುಡ್ಡು ಸುಟ್ಟು ಗಳಿಸುವುದಾದರೂ ಏನು? ಹುಬ್ಬಳ್ಳಿಗೆ ನಾನೂರು ಕಿಲೋಮೀಟರಿನ ಮೇಲೆ ಚಿಲ್ಲರೆ. ಎಂಬತ್ತರಲ್ಲಿ ಹೋದರೆ ಐದು ಗಂಟೆ, ನೂರರಲ್ಲಿ ಹೋದರೆ ನಾಲ್ಕು. ಉಳಿಯುವ ಆ ಒಂದು ಗಂಟೆಯನ್ನು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮತ್ತು ದಾವಣಗೆರೆಯ ಬೆಣ್ಣೆ ದೋಸೆ ಸಮನಾಗಿ ಹಂಚಿಕೊಳ್ಳುತ್ತವೆ. ಇದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ನಮಗೆ ದೋಸೆ ತಪ್ಪುವ ಸ್ಥಿತಿ ಬಂದಿತ್ತು. ಅಕ್ಕ ಉಳಿಸಿದಳು.

ಆಷಾಢ ಇನ್ನೂ ಹುಟ್ಟಿರಲಿಲ್ಲ, ಅದರ ಗಾಳಿ ಮುಂಗಡವಾಗಿ ಬಂದಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ನನ್ನ ಹೆಂಡತಿ “ಎಷ್ಟು ಚೆನ್ನಾಗಿದೆ!” ಎಂದು ಫೋಟೋ ತೆಗೆದಳು. ಭಾವನ ಮುಖ ಬಾಡಿತ್ತು. ಆ ರೆಕ್ಕೆಗಳನ್ನು ತಿರುಗಿಸುವ ಪಡುವಣ ಗಾಳಿಯೇ ನಮ್ಮನ್ನೂ ಎದುರಿನಿಂದ ನೂಕುತ್ತಿತ್ತು. ಎದುರುಗಾಳಿ ಗಂಟೆಗೆ ಇಪ್ಪತ್ತು ಕಿಲೋಮೀಟರಿನದಾದರೆ, ಎಂಬತ್ತರಲ್ಲಿ ಹೋಗುವ ಕಾರು ಗಾಳಿಯ ಮಟ್ಟಿಗೆ ನೂರರಲ್ಲಿ ಹೋದಂತೆಯೇ. ನಾವು ವೇಗದ ಸುಖ ಕಾಣದೆ ವೇಗದ ಬಿಲ್ಲು ಕಟ್ಟುತ್ತಿದ್ದೆವು. ಒಂದೇ ಸಮಾಧಾನವೆಂದರೆ ಹುಬ್ಬಳ್ಳಿ ಬೆಂಗಳೂರಿಗಿಂತ ಇನ್ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಗಾಳಿ ಕಿತ್ತುಕೊಂಡಿದ್ದರಲ್ಲಿ ಸ್ವಲ್ಪವನ್ನು ಇಳಿಜಾರು ಮರಳಿಸುತ್ತದೆ. ಬರುವಾಗ ಗಾಳಿ ನಮ್ಮ ಕಡೆ, ಏರು ನಮ್ಮ ಎದುರು. ಹೋಗುವಾಗಿನದನ್ನೂ ಬರುವಾಗಿನದನ್ನೂ ಕೂಡಿಸಿ ನೋಡದ ಮೈಲೇಜು ಮೈಲೇಜೇ ಅಲ್ಲ ಎಂದು ಭಾವ ಹೇಳುವುದು ಇದಕ್ಕೇ.

ಇಷ್ಟು ತಿಳಿದವರಿಗೂ ಒಂದು ಹಳೆಯ ಚಟ ಉಂಟು. ಇಳಿಜಾರು ಕಂಡರೆ “ನ್ಯೂಟ್ರಲ್ ಹಾಕು” ಎನ್ನುತ್ತಾರೆ. ಭಾವ ಡ್ರೈವಿಂಗ್ ಕಲಿತದ್ದು ಅಂಬಾಸಿಡರ್‌ನಲ್ಲಿ, ಕಾರ್ಬ್ಯುರೇಟರ್ ಕಾಲದಲ್ಲಿ. ಈಗಿನ ಕಾರುಗಳಲ್ಲಿ ಗೇರು ಹಾಗೇ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರು ಇಂಜಿನ್ನಿಗೆ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಆರದಂತೆ ಇರಲು ಪೆಟ್ರೋಲ್ ಕುಡಿಯಲೇಬೇಕು. ಉಳಿತಾಯವೂ ಇಲ್ಲ, ಘಾಟಿಯಲ್ಲಿ ಇಂಜಿನ್ ಹಿಡಿತ ತಪ್ಪಿ ಎಲ್ಲ ಭಾರವೂ ಬ್ರೇಕಿನ ಮೇಲೆ. ಇದನ್ನು ವಿವರಿಸಿದೆ. “ಅಂಬಾಸಿಡರ್ ಹಾಗಿರಲಿಲ್ಲ” ಎಂದು ಭಾವ ಆ ವಿಷಯ ಮುಗಿಸಿದರು. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಕ್ಷಣಕ್ಷಣಕ್ಕೆ ಬದಲಾಗುವ ಮೈಲೇಜಿನ ಅಂಕಿಯನ್ನು, ಐಸಿಯು ಮಾನಿಟರ್ ನೋಡುವ ಬಂಧುಗಳ ಹಾಗೆ ನೋಡುತ್ತ ಕುಳಿತರು. ಏರಿನಲ್ಲಿ ಎಂಟು, ಇಳಿತದಲ್ಲಿ ಮೂವತ್ತೈದು.

ಕಂಪನಿ ಹೇಳಿದ್ದು ಇಪ್ಪತ್ತಮೂರು ಎಂಬ ಕೊರಗು ಅವರಿಗೆ ಇದ್ದೇ ಇದೆ. ಕಂಪನಿ ಸುಳ್ಳು ಹೇಳಿಲ್ಲ. ಆ ಅಂಕಿ ಬರುವುದು ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಗಳಿಂದ. ಅಲ್ಲಿ ಕಾರು ರಸ್ತೆಗೇ ಇಳಿಯುವುದಿಲ್ಲ. ಕೋಣೆಯೊಳಗೆ ರೋಲರುಗಳ ಮೇಲೆ ನಿಂತಲ್ಲೇ ಓಡುತ್ತದೆ, ತೊಂಬತ್ತು ದಾಟುವುದಿಲ್ಲ, ಎಸಿ ಹಾಕುವುದಿಲ್ಲ. ಸುಟ್ಟ ಪೆಟ್ರೋಲನ್ನು ಟ್ಯಾಂಕು ತುಂಬಿಸಿ ಅಳೆಯುವುದೂ ಇಲ್ಲ, ಹೊರಗೆ ಬಂದ ಹೊಗೆಯಲ್ಲಿ ಇಂಗಾಲ ಎಷ್ಟಿದೆ ಎಂದು ನೋಡಿ ಲೆಕ್ಕ ಕಟ್ಟುತ್ತಾರೆ. ಆ ಕಾರಿನಲ್ಲಿ ಅಕ್ಕ ಕೂತಿರುವುದಿಲ್ಲ, ಡಿಕ್ಕಿಯಲ್ಲಿ ಮದುವೆ ಮನೆಗೆಂದು ಒಯ್ಯುವ ತೆಂಗಿನಕಾಯಿ ಮೂಟೆ ಇರುವುದಿಲ್ಲ. ಮೇಲಾಗಿ ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು. ಎಥೆನಾಲಿನ ಕಸುವು ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಲೀಟರು ಅದೇ, ಓಟ ಸ್ವಲ್ಪ ಮೊಟಕು. ನಮ್ಮ ಕಬ್ಬು ಬೆಳೆಗಾರರ ಕೊಡುಗೆ ಎಂದುಕೊಂಡು ಸುಮ್ಮನಿರಬೇಕು.

ತೆಂಗಿನಕಾಯಿಯ ಮೇಲೂ ಭಾವನಿಗೆ ಸಿಟ್ಟಿತ್ತು. ಒಂದೇ ವೇಗದಲ್ಲಿ ಓಡುವ ಕಾರಿಗೆ ಡಿಕ್ಕಿಯ ಭಾರ ಅಷ್ಟೇನೂ ಹೊರೆಯಲ್ಲ. ಏರಿನಲ್ಲಿ, ನಿಂತು ಹೊರಡುವಾಗ ಅದರ ಬಿಸಿ ತಟ್ಟುತ್ತದೆ. ಅದೇ ಮೂಟೆಯನ್ನು ಮೇಲಿನ ಕ್ಯಾರಿಯರಿಗೆ ಕಟ್ಟಿದ್ದರೆ ಗಾಳಿ ದಾರಿಯುದ್ದಕ್ಕೂ ಸುಂಕ ವಸೂಲಿ ಮಾಡುತ್ತಿತ್ತು.

ಮದುವೆ ಮುಗಿಸಿ, ಬಂದ ದಾರಿಯಲ್ಲೇ ಬಂದು, ಅದೇ ಬಂಕಿನ ಅದೇ ಪಂಪಿನ ಮುಂದೆ ನಿಂತೆವು. ಮೊದಲ ‘ಟಕ್’ಗೇ ನಿಲ್ಲಿಸಿದ್ದಾಯಿತು. ಹುಬ್ಬಳ್ಳಿಯಲ್ಲಿ ಹಾಕಿಸಿದ್ದನ್ನೂ ಕೂಡಿಸಿ ಭಾವ ಭಾಗಿಸಿದರು. ಹದಿನೇಳೂಮುಕ್ಕಾಲು. ಡ್ಯಾಶ್‌ಬೋರ್ಡು ಮಾತ್ರ ತಾನು ಹತ್ತೊಂಬತ್ತೂವರೆ ಕೊಟ್ಟಿದ್ದೇನೆ ಎನ್ನುತ್ತಿತ್ತು. “ಸ್ವಂತ ಬಾಯಲ್ಲಿ ಹೇಳಿಕೊಂಡಿದ್ದನ್ನು ನಂಬಬಾರದು ಕಣಯ್ಯ” ಎಂದು ಅವರು ನೋಟ್‌ಬುಕ್ ಮುಚ್ಚಿದರು.

ಆಗ ಅಕ್ಕ ಹಿಂದಿನ ಸೀಟಿನಿಂದ ಮೆಲ್ಲಗೆ ಕೇಳಿದಳು: “ಮದುವೆ ಊಟದಲ್ಲಿ ನಿಮ್ಮ ಪಕ್ಕದಲ್ಲಿ ಕೂತವರು ಕಾರು ಎಷ್ಟು ಕೊಡುತ್ತೆ ಅಂತ ಕೇಳಿದ್ದಕ್ಕೆ, ಇಪ್ಪತ್ತಕ್ಕೆ ಮೋಸ ಇಲ್ಲ ಅಂದ್ರಲ್ಲ?”

ಬಂಕಿನಲ್ಲಿ ಹದಿನಾಲ್ಕು ರೂಪಾಯಿಗೆ ರೌಂಡ್ ಫಿಗರ್ ಒಪ್ಪದ ಮನುಷ್ಯ, ಹೋಳಿಗೆ ಎಲೆಯ ಮುಂದೆ ಎರಡೂಕಾಲು ಕಿಲೋಮೀಟರನ್ನು ರೌಂಡ್ ಮಾಡಿಬಿಟ್ಟಿದ್ದರು!

ಆದ್ದರಿಂದ ಓದುಗರೇ, ಬೇರೆಯವರ ಮೈಲೇಜು ಕೇಳಿ ನಿಮ್ಮ ಕಾರಿನ ಮೇಲೆ ಮುನಿಯಬೇಡಿ. ದೂರ ಹೊರಡುವ ಮುನ್ನ ಟೈರು ತಣ್ಣಗಿರುವಾಗಲೇ ಗಾಳಿ ಹಿಡಿಸಿ. ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ. ಎಂಬತ್ತರ ಆಸುಪಾಸಿನಲ್ಲಿ, ಬ್ರೇಕಿಗೆ ಕೆಲಸ ಕೊಡದೆ, ಒಂದೇ ಹದದಲ್ಲಿ ಓಡಿಸಿ. ಇಷ್ಟಾದ ಮೇಲೆ ಬಂದದ್ದೇ ನಿಮ್ಮ ಕಾರಿನ ಮೈಲೇಜು. ಅದನ್ನು ಮದುವೆ ಮನೆಯಲ್ಲಿ ಎಷ್ಟು ಬೇಕಾದರೂ ಏರಿಸಿ ಹೇಳಿ, ಯಾರಿಗೂ ನಷ್ಟವಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾತ್ರ ಹಾಕಬೇಡಿ, ದಮ್ಮಯ್ಯ.