ಬಳೆ ಸಡಿಲ, ನಡು ಬಿಗಿ

ನಮ್ಮ ಮನೆಗೂ ಮಗ್ಗಲ ಮನೆಗೂ ನಡುವೆ ಎದೆಮಟ್ಟದ ಕಲ್ಲಿನ ಗೋಡೆ. ಶಹಾಪುರದ ಬಿಸಿಲು ಇಳಿದು, ಬುದ್ಧ ಮಲಗಿದ ಗುಡ್ಡ ಕಪ್ಪಾಗತೊಡಗಿತೆಂದರೆ ಗೋಡೆಯ ಅತ್ತ ಅಕ್ಕ, ಇತ್ತ ನಾನು. ಅವರ ಮುಂದೆ ಸೋಸಬೇಕಾದ ಪುಂಡಿಪಲ್ಯ, ನನ್ನ ಕೈಯಲ್ಲಿ ಚಹದ ಕಪ್ಪು. ಮೊನ್ನೆ ಪಲ್ಯ ಸೋಸುತ್ತಿದ್ದವರು ಒಮ್ಮೆಲೇ ಕೈ ಮೇಲೆತ್ತಿದರು. ಹಸಿರು ಬಳೆಗಳು ಸರ್ರನೆ ಜಾರಿ ಮೊಣಕೈ ಹತ್ತಿರ ಹೋಗಿ ನಿಂತವು.

"ನೋಡು ತಂಗಿ, ಮಗಳ ಮದುವ್ಯಾಗ ಇದೇ ಅಳತಿ ಬಳಿ ಮುಂಗೈ ದಾಟಿ ಮ್ಯಾಲ ಏರ್ತಿದ್ದಿಲ್ಲ. ಈಗ ಹ್ಯಾಂಗ ಓಡ್ತಾವ ನೋಡು. ಪರಕಾರದ ಲಾಡಿ ನೋಡಿದ್ರ ಗಂಟಿಗಿ ಸಾಲವಲ್ದು."

"ತೂಕ ಎಷ್ಟದ ಅಕ್ಕಾ?"

"ಯಾದಗಿರಿಗಿ ಹೋದಾಗ ನೋಡಿಸಿದ್ದೆ. ಐವತ್ತೆರಡು. ಹತ್ತು ವರ್ಷ ಆತು, ಅಷ್ಟೇ ಅದ. ಅದರದೇನೂ ಚಿಂತಿಲ್ಲ."

ಅಷ್ಟೇ ಅದ ಎಂಬ ಆ ಮಾತೇ ನನ್ನನ್ನು ಚಿಂತೆಗೆ ಹಚ್ಚಿತು. ತೂಕದ ಕಾಟಾಕ್ಕೆ ಒಟ್ಟು ಲೆಕ್ಕ ಗೊತ್ತು, ಒಳಗೆ ಏನು ಹೋಯಿತು, ಏನು ಬಂತು ಎಂಬುದು ಗೊತ್ತಿಲ್ಲ. ಅಕ್ಕನ ತೋಳು, ತೊಡೆಯ ಮಾಂಸಖಂಡ ಕರಗಿದೆ, ಆ ಜಾಗದ ಲೆಕ್ಕಕ್ಕೆ ಹೊಟ್ಟೆಯ ಸುತ್ತ ಕೊಬ್ಬು ಬಂದು ಕೂತಿದೆ. ಕಾಟಾದ ಮುಳ್ಳು ಮಾತ್ರ ಅಲ್ಲೇ ನಿಂತಿದೆ. ಸ್ನಾಯು ಮೂವತ್ತು ದಾಟಿದ ಮೇಲೆ ನಿಧಾನವಾಗಿ ಇಳಿಯಲು ಶುರುವಾಗುತ್ತದೆ, ಅರವತ್ತರ ಮೇಲೆ ಇಳಿತ ಜೋರು. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಇದಕ್ಕೆ ಸಾರ್ಕೋಪೀನಿಯಾ ಎಂದು ಹೆಸರಿಟ್ಟರು. ನಮ್ಮ ಹೆಂಗಸರು ಅದಕ್ಕೂ ಮೊದಲಿಂದ "ಮೈ ಇಳದದ, ಹೊಟ್ಟಿ ಬಂದದ" ಎನ್ನುತ್ತಲೇ ಇದ್ದಾರೆ. ರೋಗದ ಪೂರ್ತಿ ವಿವರ ಆ ಎರಡು ಮಾತಿನಲ್ಲೇ ಇದೆ.

ಹೊಟ್ಟೆಯ ಮಾತು ಬಂದರೆ ಅಕ್ಕನ ಹತ್ತಿರ ಸಿದ್ಧ ಉತ್ತರ ಒಂದಿದೆ. "ನಮ್ಮ ವಂಶನೇ ಹಂಗ. ನಮ್ಮವ್ವಗೂ ಹಿಂಗೇ ಹೊಟ್ಟಿತ್ತು."

ಇದನ್ನು ತಳ್ಳಿಹಾಕಲು ಬರುವುದಿಲ್ಲ. ಮೈಕಟ್ಟು ವಂಶದಿಂದ ಬರುತ್ತದೆ ಎಂಬುದು ದಿಟ. 2007ರಲ್ಲಿ ಎಫ್‌ಟಿಒ ಎಂಬ ಜೀನಿಗೂ ಬೊಜ್ಜಿಗೂ ನಂಟಿರುವುದು ಗೊತ್ತಾಯಿತು. ಅದರ ಒಂದು ಬಗೆಯನ್ನು ತಾಯಿ ತಂದೆ ಇಬ್ಬರಿಂದಲೂ ಪಡೆದ ಯುರೋಪಿನವರು ಅದನ್ನು ಯಾರಿಂದಲೂ ಪಡೆಯದವರಿಗಿಂತ ಸುಮಾರು 3 ಕಿಲೋ ಹೆಚ್ಚು ತೂಗುತ್ತಿದ್ದರು. ಆದರೆ 2011ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಹಾಕಿ ನೋಡಿದಾಗ, ಮೈ ಮುರಿದು ಓಡಾಡುವವರಲ್ಲಿ ಅದೇ ಜೀನಿನ ಬೊಜ್ಜಿನ ಜೋರು ಕಾಲುಭಾಗಕ್ಕೂ ಹೆಚ್ಚು ತಗ್ಗಿತ್ತು. ಜೀನು ಅದೇ, ದುಡಿಮೆ ಬೇರೆ.

"ಅಕ್ಕಾ, ನಿಮ್ಮ ತಂಗಿ ಕೆಂಭಾವಿ ಕಡಿ ಇದ್ದಾರಲ್ಲ, ಅವರೂ ಅದೇ ಅವ್ವನ ಮಗಳಲ್ಲೇನು? ಅವರಿಗ್ಯಾಕ ಹೊಟ್ಟಿಲ್ಲ?"

"ಆಕೀದು ಬಿಡವ್ವ. ಇವತ್ತಿಗೂ ಹತ್ತಿ ಬಿಡಸ್ಲಾಕ ಹೋಗ್ತಾಳ. ತೊಗರಿ ಕಟಗಿ ಹೊರಿ ತಲಿಮ್ಯಾಲ ಹೊತ್ಕೊಂಡು ಬರ್ತಾಳ."

ಒಬ್ಬ ತಾಯಿಯ ಇಬ್ಬರು ಮಕ್ಕಳನ್ನು ನೋಡಿ ಶಾಸ್ತ್ರ ಹೇಳಬಾರದು, ಅಕ್ಕತಂಗಿಯರಲ್ಲೂ ಜೀನು ಸುಮಾರು ಅರ್ಧದಷ್ಟೇ ಹಂಚಿಕೆ. ಆದರೂ ಅಕ್ಕ ಪಲ್ಯ ಸೋಸುವುದು ಬಿಟ್ಟು ಒಂದು ಗಳಿಗೆ ಸುಮ್ಮನಾದರು.

ವಂಶ ಅಂದರೆ ರಕ್ತ ಮಾತ್ರ ಅಲ್ಲ, ಹೊತ್ತ ತಾಯಿ ಆ ಒಂಬತ್ತು ತಿಂಗಳು ಏನು ಉಂಡಳು, ಕೂಸು ಎಷ್ಟು ತೂಗಿ ಹುಟ್ಟಿತು ಎಂಬುದೂ ಸೇರುತ್ತದೆ. ಇದಕ್ಕೆ ನಮ್ಮ ಮೈಸೂರಿನದೇ ಸಾಕ್ಷಿ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿದ್ದರು. ಅಲ್ಲಿ ಹುಟ್ಟಿ ದೊಡ್ಡವರಾದ 517 ಜನರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ವರದಿ ಮಾಡಿದರು. ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದು ಹುಟ್ಟಿದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3. ಪುಣೆಯ ಡಾ. ಯಾಜ್ನಿಕ್ 2004ರಲ್ಲಿ ತಮ್ಮದೂ ಇಂಗ್ಲೆಂಡಿನ ಗೆಳೆಯ ಡಾ. ಯುಡ್ಕಿನ್‌ರದೂ ಚಿತ್ರ ಅಕ್ಕಪಕ್ಕ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಅಂಕಿ, ಬಿಎಂಐ, ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ರದು ನೂರಕ್ಕೆ 9, ಯಾಜ್ನಿಕ್‌ರದು 21. ಸಣ್ಣ ಕೂಸಾಗಿ ಹುಟ್ಟಿ, ತೆಳ್ಳಗೆ ಕಂಡು, ಒಳಗೆ ಕೊಬ್ಬು ಕಟ್ಟಿಕೊಳ್ಳುವುದು ನಮ್ಮ ದೇಶದವರ ಮೈಯ ಗುಣ. ಅದಕ್ಕೇ ಸೊಂಟದ ಸುತ್ತಳತೆ ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು ಎಂದು ವೈದ್ಯರು ಗೆರೆ ಎಳೆದಿದ್ದಾರೆ. ಕಾಟಾಕ್ಕಿಂತ ಅಕ್ಕನ ಪರಕಾರದ ಲಾಡಿಯೇ ಹೆಚ್ಚು ನಿಜ ಹೇಳುತ್ತದೆ.

ಹುಟ್ಟಿದ್ದನ್ನು ತಿರುಗಿಸಲು ಆಗುವುದಿಲ್ಲ. ತಾಟನ್ನು ತಿರುಗಿಸಲು ಬರುತ್ತದೆ.

"ನಿನ್ನಿ ಏನು ಉಂಡ್ರಿ, ಹೇಳ್ರಿ."

"ಏನದ? ಮುಂಜಾನಿ ಚಾ, ನಾಕು ಬಿಸ್ಕೀಟು. ಮಧ್ಯಾಹ್ನ ಅನ್ನ, ಸಾರು. ಸಂಜಿಕ ಚಾ, ಚುರಮುರಿ. ರಾತ್ರಿ ಅನ್ನ, ಮಜ್ಜಿಗಿ."

"ರೊಟ್ಟಿ?"

"ಹಲ್ಲೆಲ್ಲಿ ಅದಾವ ತಂಗಿ?"

ನಾನು ಗೋಡೆಯ ಮೇಲೆ ಬೆರಳಲ್ಲೇ ಲೆಕ್ಕ ಹಾಕಿದೆ. ಐವತ್ತೆರಡು ಕಿಲೋದ ಹೆಂಗಸಿಗೆ ದಿನಕ್ಕೆ 43 ಗ್ರಾಂ ಪ್ರೋಟೀನ್ ಬೇಕೆನ್ನುತ್ತದೆ ಐಸಿಎಂಆರ್ ಲೆಕ್ಕ. ವಯಸ್ಸಾದ ಸ್ನಾಯುವಿಗೆ ಹರೆಯದವರ ಸ್ನಾಯುವಿನಷ್ಟು ಬೇಗ ಮೈಗೂಡಿಸಿಕೊಳ್ಳಲು ಬರುವುದಿಲ್ಲ, ಹೀಗಾಗಿ ಮುದುಕರ ಆರೋಗ್ಯ ನೋಡುವ ತಜ್ಞರು 52ರಿಂದ 62 ಗ್ರಾಂ ಕೇಳುತ್ತಾರೆ. ಅಕ್ಕನ ಇಡೀ ದಿನದ ಊಟದಲ್ಲಿ ಎಷ್ಟು ಹಿಗ್ಗಿಸಿ ಎಣಿಸಿದರೂ ಮೂವತ್ತು ದಾಟಲಿಲ್ಲ.

ಅನ್ನವನ್ನು ಬೈಯುವುದು ನನ್ನ ಉದ್ದೇಶವಲ್ಲ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರದ ಎರೆಹೊಲಗಳಲ್ಲಿ ಭತ್ತ ಬಂತು, 2013ರಿಂದ ಅನ್ನಭಾಗ್ಯದ ಅಕ್ಕಿ ಬಂತು, ಎಷ್ಟೋ ಮನೆಗಳಲ್ಲಿ ಹಸಿದು ಮಲಗುವುದು ತಪ್ಪಿತು. ನೂರು ಗ್ರಾಂ ಜೋಳದಲ್ಲಿ ಪ್ರೋಟೀನ್ 10 ಗ್ರಾಂ, ಅಕ್ಕಿಯಲ್ಲಿ 8. ದೊಡ್ಡ ಅಂತರವೇನಲ್ಲ. ಅಂತರ ಇರುವುದು ಪಕ್ಕದಲ್ಲಿ. ರೊಟ್ಟಿ ಬರೀ ರೊಟ್ಟಿಯಾಗಿ ಗಂಟಲಲ್ಲಿ ಇಳಿಯದು. ಅದು ಗಟ್ಟಿ ಬೇಳೆ ಕೇಳುತ್ತದೆ, ಮಡಕಿಕಾಳು ಕೇಳುತ್ತದೆ, ಝುಣಕ, ಶೇಂಗಾ ಹಿಂಡಿ, ಮೊಸರು ಕೇಳುತ್ತದೆ. ಎರಡು ರೊಟ್ಟಿ, ಒಂದು ಬಟ್ಟಲು ಗಟ್ಟಿ ಬೇಳೆ, ಎರಡು ಚಮಚ ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು ಸೇರಿದರೆ ಒಂದೇ ಹೊತ್ತಿಗೆ ಹೆಚ್ಚುಕಡಿಮೆ 30 ಗ್ರಾಂ. ಅನ್ನಕ್ಕೆ ಇಷ್ಟೆಲ್ಲ ಹಂಗಿಲ್ಲ, ತಿಳಿಸಾರಿನ ನೀರಲ್ಲೂ ಸಲೀಸಾಗಿ ಇಳಿದುಹೋಗುತ್ತದೆ. ರೊಟ್ಟಿ ಬಿಟ್ಟವರು ರೊಟ್ಟಿಯ ಜೊತೆ ಅದರ ಬಳಗವನ್ನೇ ಬಿಟ್ಟಂತಾಯಿತು. ತೊಗರಿಯ ನಾಡಿನಲ್ಲಿ ಮುದುಕಿಯ ತಾಟಿಗೆ ಬೇಳೆ ಇಲ್ಲ ಎಂದರೆ ನನಗೆ ಸಂಕಟವಾಗುತ್ತದೆ.

ಹಲ್ಲಿಲ್ಲ ಎಂಬುದಕ್ಕೆ ದಾರಿ ನಮ್ಮ ಅಜ್ಜಿಯರೇ ಮಾಡಿಟ್ಟಿದ್ದಾರೆ. ಬಿಸಿ ದಪ್ಪ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕುಟ್ಟಿದ ಮುಟಗಿ. ಮಜ್ಜಿಗೆ ಬೆರೆಸಿದ ಜೋಳದ ನುಚ್ಚು. ಬೇಳೆಯಲ್ಲಿ ಮುರಿದು ನೆನೆಹಾಕಿದ ರೊಟ್ಟಿ. ತತ್ತಿ ತಿನ್ನುವ ಮನೆಯಾದರೆ ದಿನಕ್ಕೊಂದು ತತ್ತಿ. (ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಬೇಳೆ ಹೆಚ್ಚಿಸಬೇಕು.)

"ಬ್ಯಾಳಿ ದಿನಾ ಮಾಡ್ತೀವಿ ತಂಗಿ. ಎಲ್ಲಾರದೂ ಆದ ಮ್ಯಾಲ ಉಳಿದಿದ್ರ ನಾ ಹಾಕ್ಕೊಂತೀನಿ."

ಅವರ ದನಿಯಲ್ಲಿ ದೂರು ಇರಲಿಲ್ಲ. ಐವತ್ತು ವರ್ಷದ ರೂಢಿ ಅದು. ಗಂಡನಿಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ ಬಡಿಸಿ, ಪಾತ್ರೆಯ ತಿಳಿಯಲ್ಲಿ ಅನ್ನ ಕಲಸಿ ಎದ್ದವರು ನಮ್ಮ ಕಡೆಯ ಎಷ್ಟೋ ತಾಯಂದಿರು. ಅವರ ತೋಳಿನ ಮಾಂಸ ಎಲ್ಲಿ ಹೋಯಿತು ಎಂದು ಜೀನಿನಲ್ಲಿ ಹುಡುಕುವ ಮೊದಲು ಅಡುಗೆಮನೆಯಲ್ಲಿ ಹುಡುಕಬೇಕು.

ನಾನು ಗೋಡೆ ಸುತ್ತಿ ಅವರ ಅಂಗಳಕ್ಕೆ ಹೋಗಿ ಒಂದು ಕುರ್ಚಿ ಹಾಕಿದೆ. ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂಡಬೇಕು, ಹನ್ನೆರಡು ಸೆಕೆಂಡಿನೊಳಗೆ ಮುಗಿಯಬೇಕು. ಏಷ್ಯಾದ ತಜ್ಞರು 2019ರಲ್ಲಿ ಇಟ್ಟ ಅಳತೆ ಇದು. ಮೊದಲ ಎರಡು ಸಲ ಅಕ್ಕ ಹಗುರಾಗಿ ಎದ್ದರು. ಮೂರನೆಯದಕ್ಕೆ ಕೈ ತಾನೇ ಬಿಚ್ಚಿ ಮೊಣಕಾಲಿಗೆ ಹೋಯಿತು. ಐದು ಮುಗಿಯುವಾಗ ಹತ್ತೊಂಬತ್ತು ಸೆಕೆಂಡು. ಬೀಸುಕಲ್ಲು ತಿರುವಿದ, ತಲೆಮೇಲೆ ಎರಡು ಕೊಡ ಹೊತ್ತ ಹೆಣ್ಣು ಮಗಳು ಏದುಸಿರು ಬಿಡುತ್ತ ನನ್ನ ಮುಖ ನೋಡಿದರು.

"ದಿನಾ ಮಾಡಿದ್ರ ಕಡಿಮಿ ಆಗ್ತದೇನು?"

"ಆಗ್ತದ ಅಕ್ಕಾ. ಬ್ಯಾಳಿ ಉಂಡು ಮಾಡಿದ್ರ ಇನ್ನೂ ಜಲ್ದಿ ಆಗ್ತದ."

ತೊಂಬತ್ತರ ಮುದುಕರೂ ತೂಕ ಎತ್ತುವ ವ್ಯಾಯಾಮ ಮಾಡಿ ಕಾಲಿನ ಬಲ ಹೆಚ್ಚಿಸಿಕೊಂಡದ್ದು ಬೋಸ್ಟನ್ನಿನಲ್ಲಿ ನಡೆದ ಅಧ್ಯಯನದಿಂದ 1990ರಲ್ಲೇ ಗೊತ್ತಾಗಿದೆ. ಅಕ್ಕನಿಗೆ ಇನ್ನೂ ಅರವತ್ತೆಂಟು.

ಓದುವ ನಿಮ್ಮ ಮನೆಯಲ್ಲೂ ಬಳೆ ಸಡಿಲಾದ ಒಬ್ಬ ಅವ್ವ, ಅತ್ತೆ ಅಥವಾ ಆಯಿ ಇದ್ದಾರು. ಇವತ್ತು ರಾತ್ರಿ ಬಡಿಸುವಾಗ ಸೌಟನ್ನು ಬೇಳೆಯ ತಳಕ್ಕೆ ಇಳಿಸಿರಿ, ಮೊದಲ ಸೌಟು ಅವರ ತಾಟಿಗೆ ಹಾಕಿರಿ.